ಜಗಲಿಯ ಮಾತು: ಮೂಲ್ಕಿಯವರೋ, ಸುರತ್ಕಲ್ಲಿನವರೋ?

ಇಬ್ಬರನ್ನು ಒಂದೆಡೆ ಕಂಡೊಡನೆ ‘ಇವರಲ್ಲಿ ಮೇಲಾದವರು ಯಾರು?’ ಎಂದು ಕೇಳುವುದು ಮನುಷ್ಯನ ಹುಟ್ಟುಗುಣವೆಂದು ತೋರುತ್ತದೆ. ಹಟ್ಟಿಯಲ್ಲಿ ಎರಡು ಹಸುಗಳಿದ್ದರೆ ಹಾಲನ್ನು ಅಳೆದು ನೋಡುತ್ತೇವೆ. ಹಿತ್ತಿಲಲ್ಲಿ ಎರಡು ಮಾವಿನ ಮರಗಳಿದ್ದರೆ ಹಣ್ಣನ್ನು ತಿಂದು ನೋಡುತ್ತೇವೆ. ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ, ಹೇಳಲು ನಾಚಿಕೆಯಾದರೂ ನಿಜವನ್ನೇ ಹೇಳಬೇಕು, ಅವರನ್ನೂ ತಕ್ಕಡಿಯ ಎರಡು ತಟ್ಟೆಗಳಲ್ಲಿ ಕುಳ್ಳಿರಿಸುತ್ತೇವೆ. ಯಕ್ಷಗಾನ ಮುಗಿದು ಬೆಳಗಿನ ಜಾವದಲ್ಲಿ ಮನೆಗೆ ಮರಳುವಾಗ, ಇಂದಿನ ಕರ್ಣನಿಗಿಂತ ಅಂದಿನ ಕರ್ಣನೇ ಮೇಲೆಂದು ವಾದಿಸದ ಪ್ರೇಕ್ಷಕನು ನಮ್ಮ ಸೀಮೆಯಲ್ಲಿ ದುರ್ಲಭನು. ಈ ತಾರತಮ್ಯದ ಚಟವು ಒಳ್ಳೆಯದೋ ಕೆಟ್ಟದೋ ಎಂಬುದನ್ನು ನಾನು ಈ ವಯಸ್ಸಿನವರೆಗೂ ನಿಂತು ಯೋಚಿಸಿದವನಲ್ಲ. ಮೊನ್ನೆ ಅಂತಹದೊಂದು ವ್ಯಾಜ್ಯವು ನನ್ನ ಜಗಲಿಯನ್ನೇ ಏರಿ ಬಂದುದರಿಂದ ಯೋಚಿಸಬೇಕಾಯಿತು.

ಸಂಗತಿ ಹೀಗಿದೆ. ಕೂಳೂರಿನಲ್ಲಿ ನಮ್ಮ ಓಣಿಯ ಹತ್ತು ಹನ್ನೆರಡು ಮಂದಿ ಹುಡುಗರು ಸೇರಿ ಒಂದು ಕ್ರಿಕೆಟ್ ತಂಡವನ್ನು ಕಟ್ಟಿಕೊಂಡಿದ್ದಾರೆ. ಅವರು ಆಡುವುದು ಅಂಡರ್‌ಆರ್ಮ್ ಆಟ. ನಮ್ಮ ಜಿಲ್ಲೆಯ ಹೊರಗಿನ ವಾಚಕರಿಗೆ ತಿಳಿಸುವುದಾದರೆ, ಚೆಂಡನ್ನು ಭುಜದ ಮೇಲಿನಿಂದ ಬೀಸದೆ ಕೆಳಗಿನಿಂದಲೇ ಎಸೆಯುವ, ಸಣ್ಣ ಅಂಗಳದಲ್ಲಿ, ಹೆಚ್ಚಾಗಿ ರಾತ್ರಿಯ ದೀಪಗಳ ಬೆಳಕಿನಲ್ಲಿ ನಡೆಯುವ ಆಟವದು. ಯಾವುದೋ ಪಂದ್ಯಾವಳಿಯಲ್ಲಿ ಗೆದ್ದ ಹಣದಿಂದ ಹುಡುಗರು ತಾವು ಸೇರುವ ಕೋಣೆಗೆ ಸುಣ್ಣ ಬಳಿಸಿದರು. ಉಳಿದ ಹಣದಲ್ಲಿ ಎದುರುಗೋಡೆಯ ಮೇಲೆ ‘ನಮ್ಮ ಕರಾವಳಿಯ ಸರ್ವಶ್ರೇಷ್ಠ ಆಟಗಾರ’ ಎಂಬ ಶಿರೋಲೇಖದೊಡನೆ ಒಂದು ಚಿತ್ರವನ್ನು ಬರೆಯಿಸಬೇಕೆಂದು ನಿಶ್ಚಯಿಸಿದರು. ಹಣವು ಒಂದು ಚಿತ್ರಕ್ಕೆ ಮಾತ್ರ ಸಾಲುವಷ್ಟಿತ್ತು. ಆ ಚಿತ್ರವು ಯಾರದೆಂಬುದರಲ್ಲಿ ಹುಡುಗರಿಗೆ ಲೇಶವೂ ಸಂಶಯವಿರಲಿಲ್ಲ. ಸುರತ್ಕಲ್ಲಿನಲ್ಲಿ ಬೆಳೆದ ಕೆ. ಎಲ್. ರಾಹುಲ್ ಅವರಲ್ಲದೆ ಇನ್ನಾರು?

ಆಗ ಆ ದಾರಿಯಾಗಿ ಬಂದವರು ನಮ್ಮ ನೆರೆಮನೆಯ ಅಜ್ಜ. ಎಂಬತ್ತು ದಾಟಿದವರು. ಹದಿನಾರನೆಯ ವಯಸ್ಸಿನಲ್ಲಿ ಮುಂಬಯಿಗೆ ಹೋಗಿ, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ, ಅಲ್ಲಿಯೇ ನಲವತ್ತು ವರ್ಷ ಸವೆಸಿ ಊರಿಗೆ ಮರಳಿದವರು. ಅವರು ಗೋಡೆಯನ್ನು ನೋಡಿ, “ಕುಂದರನ್ ಚಿತ್ರ ಬರೆಯಿಸುವುದಲ್ಲವೋ ಮಕ್ಕಳೇ?” ಎಂದರು. ಹುಡುಗರ ನಾಯಕನು ವಿನಯದಿಂದಲೇ, “ಅದು ಯಾರು ಅಜ್ಜ?” ಎಂದು ಕೇಳಿದನು.

ಆ ಒಂದು ಪ್ರಶ್ನೆಯು ಅಜ್ಜನ ಮನಸ್ಸಿಗೆ ನಾಟಿದಷ್ಟು ಯಾವ ಬೈಗಳವೂ ನಾಟುತ್ತಿರಲಿಲ್ಲ. ಅವರು ಸಿಟ್ಟಾಗಲಿಲ್ಲ. ಸುಮ್ಮನೆ ಮನೆಗೆ ಹೋಗಿ ಆ ದಿನ ಸಂಜೆ ಊಟ ಮಾಡಲಿಲ್ಲವೆಂದು ಅವರ ಸೊಸೆ ನನ್ನ ಮನೆಯವಳೊಡನೆ ಹೇಳಿದಳು. ಮರುದಿನ ಹುಡುಗರೂ ಕಳವಳಗೊಂಡು, ಅಜ್ಜನನ್ನು ಮುಂದಿಟ್ಟುಕೊಂಡು ನನ್ನಲ್ಲಿಗೆ ಬಂದರು. “ಮಾಸ್ಟ್ರೇ, ನೀವೇ ಹೇಳಿ. ಇಬ್ಬರಲ್ಲಿ ದೊಡ್ಡವರು ಯಾರು? ನೀವು ಹೇಳಿದವರ ಚಿತ್ರ ಹಾಕುತ್ತೇವೆ,” ಎಂದರು. ಮೂವತ್ತಕ್ಕೂ ಮಿಕ್ಕ ವರ್ಷ ಸಂಸ್ಕೃತ ವ್ಯಾಕರಣವನ್ನು ಕಲಿಸಿದವನಿಗೆ ಕ್ರಿಕೆಟ್ಟಿನ ನ್ಯಾಯಪೀಠವು ಹೀಗೆ ಪ್ರಾಪ್ತವಾಯಿತು. ವಾದಿಪ್ರತಿವಾದಿಗಳಿಬ್ಬರ ಮಾತನ್ನೂ ಪೂರ್ಣವಾಗಿ ಕೇಳದೆ ತೀರ್ಪು ಕೊಡಬಾರದೆಂಬುದಷ್ಟೇ ನಾನು ಬಲ್ಲ ಕಾನೂನು. ಆದುದರಿಂದ ಮೊದಲು ಕೇಳಿದೆನು.

ಕೂಳೂರಿನ ಸೇತುವೆಯಲ್ಲಿ ಫಲ್ಗುಣಿ ನದಿಯನ್ನು ದಾಟಿ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋದರೆ ಪಣಂಬೂರು, ಬೈಕಂಪಾಡಿಗಳನ್ನು ಕಳೆದು ಸುರತ್ಕಲ್ ಸಿಕ್ಕುತ್ತದೆ. ಹಳೆಯಂಗಡಿಯನ್ನು ದಾಟಿ ಇನ್ನೂ ಮುಂದೆ ಹೋದರೆ ಮೂಲ್ಕಿ. ಈ ವ್ಯಾಜ್ಯದ ಇಬ್ಬರೂ ಒಂದೇ ದಾರಿಯ ಎರಡು ಊರುಗಳಿಗೆ ಸೇರಿದವರು. ವಯೋವೃದ್ಧರ ವಾದವನ್ನೇ ಮೊದಲು ಹೇಳುವೆನು.

ಬುಧಿಸಾಗರ ಕೃಷ್ಣಪ್ಪ ಕುಂದರನ್ ಅವರು 1939ರ ಅಕ್ಟೋಬರ್ 2ರಂದು ಮೂಲ್ಕಿಯಲ್ಲಿ ಜನಿಸಿದರು. ಬೆಳೆದುದು ಮುಂಬಯಿಯಲ್ಲಿ. ಇಕ್ಕಟ್ಟಾದ ಮನೆ, ಆಟವನ್ನು ಮೆಚ್ಚದ ತಂದೆ. ಶಾಲೆಯ ತಂಡದಲ್ಲಿ ಆಡಲು ಬಿಳಿಯ ಉಡುಪಿಲ್ಲದಾಗ ತಾಯಿಯು ತಂದೆಯ ಬಟ್ಟೆಯನ್ನೇ ಕತ್ತರಿಸಿ ಹೊಲಿದುಕೊಟ್ಟಳೆಂಬುದೂ, ಆ ಉಡುಪಿನಲ್ಲಿ ಮಗನು ದ್ವಿಶತಕವನ್ನು ಬಾರಿಸಿದನೆಂಬುದೂ ಪ್ರಸಿದ್ಧವಾದ ಮಾತು. 1960ರ ಜನವರಿ 1ರಂದು ಮುಂಬಯಿಯ ಬ್ರೆಬೋರ್ನ್ ಮೈದಾನದಲ್ಲಿ ಆಸ್ಟ್ರೇಲಿಯದ ಎದುರು ಭಾರತದ ವಿಕೆಟ್ ಕೀಪರಾಗಿ ಇಳಿದಾಗ ಅವರಿಗೆ ಇಪ್ಪತ್ತು ವರ್ಷ. ಅದುವರೆಗೆ ಒಂದು ರಣಜಿ ಪಂದ್ಯವನ್ನೂ ಆಡಿದವರಲ್ಲ. ಕೈಗವಸುಗಳು ಸಹ ಸ್ವಂತದ್ದಲ್ಲ; ಹಿರಿಯ ಕೀಪರ್ ನರೇನ್ ತಮ್ಹಾಣೆ ಅವರಿಂದ ಕಡ ತಂದವು. ಹಿಂದಿನ ರಾತ್ರಿ, ಮನೆಯಲ್ಲಿ ಕಾಲು ಚಾಚಲು ಸ್ಥಳವಿಲ್ಲದೆ, ಹತ್ತಿರದ ಉದ್ಯಾನದಲ್ಲಿ ಮಲಗಿದ್ದರಂತೆ. ಮೊದಲ ಟೆಸ್ಟಿನಲ್ಲಿ ಹೇಳಿಕೊಳ್ಳುವಂತಹ ಆಟ ಬರಲಿಲ್ಲ. ಅದೇ ತಿಂಗಳು ಮದರಾಸಿನಲ್ಲಿ ನಡೆದ ಮುಂದಿನ ಟೆಸ್ಟಿನಲ್ಲಿ ಭಾರತದ ಒಟ್ಟು ಮೊತ್ತ 149 ಆಗಿದ್ದಾಗ, ಅದರಲ್ಲಿ 71 ರನ್ನುಗಳು ಈ ಹುಡುಗನವು.

“1964ರ ಜನವರಿ,” ಎಂದು ಅಜ್ಜ ಮುಂದುವರಿಸಿದರು. “ನಾನು ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಿದ್ದೆ. ಎದುರಿನ ಅಂಗಡಿಯ ರೇಡಿಯೋದಲ್ಲಿ ಮದರಾಸಿನ ಟೆಸ್ಟಿನ ವರದಿ. ಒಂದು ದಿನವೆಲ್ಲ ನಮ್ಮ ಮೂಲ್ಕಿಯವನೇ ಆಡಿದ. ಸಂಜೆ ಮಾಲಿಕರು ನನ್ನನ್ನು ಕರೆದು, ‘ನಿಮ್ಮ ಊರಿನವನೋ?’ ಎಂದು ಕೇಳಿದರು. ಹೌದೆಂದೆ. ಅವತ್ತಿನ ತನಕ ನನ್ನ ಊರು ಯಾವುದೆಂದು ಆ ಪೇಟೆಯಲ್ಲಿ ಯಾರೂ ಕೇಳಿರಲಿಲ್ಲ ಮಾಸ್ಟ್ರೇ.”

ಅಜ್ಜನ ನೆನಪು ಸರಿಯಾಗಿಯೇ ಇದೆ. ಇಂಗ್ಲೆಂಡಿನ ಎದುರಿನ ಆ ಟೆಸ್ಟಿನ ಮೊದಲ ದಿನದ ಕೊನೆಗೆ ಕುಂದರನ್ ಅವರು 170 ರನ್ನು ಮಾಡಿ ಔಟಾಗದೆ ನಿಂತಿದ್ದರು. ಮರುದಿನ 192ಕ್ಕೆ ನಿರ್ಗಮಿಸಿದರು. ಆ ಕಾಲದ ಆಟದ ಗತಿ ಎಂತಹುದೆಂಬುದಕ್ಕೆ ಅದೇ ಪಂದ್ಯದಲ್ಲಿ ಒಂದು ನಿದರ್ಶನವುಂಟು. ಬಾಪು ನಾಡಕರ್ಣಿ ಅವರು ಒಂದು ಇನಿಂಗ್ಸಿನಲ್ಲಿ 32 ಓವರುಗಳನ್ನು ಎಸೆದು 5 ರನ್ನುಗಳನ್ನು ಮಾತ್ರ ಕೊಟ್ಟರು. ಅವುಗಳಲ್ಲಿ 27 ಓವರುಗಳಲ್ಲಿ ಒಂದು ರನ್ನೂ ಬರಲಿಲ್ಲ. ಇತರರು ಹೀಗೆ ಕಲ್ಲಾಗಿ ಕುಳಿತ ಪಂದ್ಯದಲ್ಲಿ ಒಂದೇ ದಿನ 170 ರನ್ನೆಂದರೆ ಅದು ಸಾಮಾನ್ಯ ಸಾಹಸವಲ್ಲ. ಆ ಸರಣಿಯ ಐದು ಟೆಸ್ಟುಗಳಲ್ಲಿ ಅವರು ಕೂಡಿಸಿದುದು 525 ರನ್ನು. ದೆಹಲಿಯಲ್ಲಿ ಇನ್ನೊಂದು ಶತಕ. ಭಾರತದ ವಿಕೆಟ್ ಕೀಪರೊಬ್ಬನ ಅತ್ಯಧಿಕ ಮೊತ್ತವಾಗಿ ಆ 192 ಎಂಬುದು 49 ವರ್ಷ ನಿಂತಿತು. 2013ರಲ್ಲಿ ಮಹೇಂದ್ರ ಸಿಂಗ್ ಧೋನಿಯವರು ಅದೇ ನಗರದಲ್ಲಿ 224 ಮಾಡಿ ಅದನ್ನು ಮೀರಿದರು.

“ಅಷ್ಟು ಮಾಡಿದವರಿಗೆ ಎಷ್ಟು ಟೆಸ್ಟ್ ಸಿಕ್ಕಿತು ಅಜ್ಜ?” ಎಂದು ಒಬ್ಬ ಹುಡುಗ ಕೇಳಿದನು. ಹದಿನೆಂಟು. ಅದೇ ವರ್ಷದ ಅಕ್ಟೋಬರಿನಲ್ಲಿ ಆಸ್ಟ್ರೇಲಿಯ ತಂಡವು ಬಂದಾಗ ಕೀಪರಿನ ಸ್ಥಾನವನ್ನು ಇಂದ್ರಜಿತ್‌ಸಿಂಹಜಿಯವರಿಗೆ ಕೊಡಲಾಯಿತು. ಆಮೇಲೆ ಫರೋಕ್ ಎಂಜಿನಿಯರ್ ಅವರ ಪೈಪೋಟಿ. 1967ರಲ್ಲಿ ಇಂಗ್ಲೆಂಡಿನ ಎಜ್‌ಬ್ಯಾಸ್ಟನ್ ಟೆಸ್ಟಿನಲ್ಲಿ ವೇಗದ ಬೌಲರುಗಳು ಗಾಯಗೊಂಡಿದ್ದುದರಿಂದ ಕುಂದರನ್ ಅವರೇ ಹೊಸ ಚೆಂಡನ್ನು ಎಸೆಯಬೇಕಾಯಿತು. ನೀನು ಎಂತಹ ಚೆಂಡನ್ನು ಎಸೆಯುವೆಯೆಂದು ನಾಯಕ ಪಟೌಡಿಯವರು ಕೇಳಿದುದಕ್ಕೆ, ತನಗೇ ಗೊತ್ತಿಲ್ಲವೆಂದು ಉತ್ತರಿಸಿದರೆಂಬ ವಿನೋದದ ಕಥೆಯುಂಟು. ಅದೇ ಅವರ ಕಡೆಯ ಟೆಸ್ಟು. ಒಟ್ಟು 981 ರನ್ನು, ಸರಾಸರಿ 32.70. ಬಳಿಕ ಸ್ಕಾಟ್ಲೆಂಡಿನಲ್ಲಿ ನೆಲೆಸಿ, ಆ ದೇಶದ ತಂಡದ ಪರವಾಗಿಯೂ ಆಡಿ, 2006ರ ಜೂನ್ 23ರಂದು ಗ್ಲಾಸ್ಗೋದಲ್ಲಿ ತೀರಿಕೊಂಡರು.

ಹುಡುಗರ ವಾದವೂ ದುರ್ಬಲವಾದುದಲ್ಲ. ರಾಹುಲ್ ಅವರು ಜನಿಸಿದುದು 1992ರ ಏಪ್ರಿಲ್ 18ರಂದು. ತಂದೆತಾಯಿಗಳಿಬ್ಬರೂ ಪ್ರಾಧ್ಯಾಪಕರು, ತಂದೆಯವರು ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಲ್ಲಿ, ತಾಯಿಯವರು ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ. ಬಾಲ್ಯದ ಅಭ್ಯಾಸ ಮಂಗಳೂರಿನಲ್ಲಿ. ಹದಿನೆಂಟರ ಹರೆಯದಲ್ಲಿ ಬೆಂಗಳೂರಿಗೆ. 2014ರ ಡಿಸೆಂಬರಿನಲ್ಲಿ ಮೆಲ್ಬರ್ನಿನ ಮೊದಲ ಟೆಸ್ಟಿನಲ್ಲಿ ಅವರು ಮಾಡಿದುದು 3 ಮತ್ತು 1. ಎಲ್ಲರೂ ತಲೆ ಕೊಡಹಿದರು. ಮುಂದಿನ ವಾರವೇ ಸಿಡ್ನಿಯಲ್ಲಿ 110. ಅದೇ ಋತುವಿನಲ್ಲಿ ಕರ್ನಾಟಕದ ಪರವಾಗಿ ಉತ್ತರ ಪ್ರದೇಶದ ಎದುರು 337. ರಣಜಿಯಲ್ಲಿ ನಮ್ಮ ರಾಜ್ಯದವರ ಮೊದಲ ತ್ರಿಶತಕವದು.

“ಕುಂದರನ್ ಅವರ ಎರಡು ಶತಕಗಳೂ ನಮ್ಮ ದೇಶದಲ್ಲಿಯೇ ಅಲ್ಲವೇ ಮಾಸ್ಟ್ರೇ?” ಎಂದು ಹುಡುಗರ ನಾಯಕನು ಕೇಳಿದನು. “ರಾಹುಲ್ ಅವರು ಆಸ್ಟ್ರೇಲಿಯ, ಶ್ರೀಲಂಕಾ, ವೆಸ್ಟ್ ಇಂಡೀಸ್, ಇಂಗ್ಲೆಂಡ್, ದಕ್ಷಿಣ ಆಫ್ರಿಕಾ ಎಲ್ಲ ಕಡೆಯೂ ಶತಕ ಹೊಡೆದಿದ್ದಾರೆ. ಲಾರ್ಡ್ಸಿನಲ್ಲಿ 2021ರಲ್ಲಿ ಒಂದು, 2025ರಲ್ಲಿ ಇನ್ನೊಂದು.” ಇದು ಬಲವಾದ ಸಾಕ್ಷ್ಯವೆಂದು ನಾನು ಒಪ್ಪಿಕೊಂಡೆ. ಅಜ್ಜನೂ ಮೌನವಾಗಿ ತಲೆಯಾಡಿಸಿದರು. 2025ರ ಒಳಗಾಗಿ ರಾಹುಲ್ ಅವರು ಅರವತ್ತಕ್ಕೂ ಮಿಕ್ಕ ಟೆಸ್ಟುಗಳನ್ನು ಆಡಿದ್ದರು; ಶತಕಗಳು ಹತ್ತನ್ನು ದಾಟಿದ್ದುವು.

ಇಲ್ಲಿ ಒಂದು ಆಶ್ಚರ್ಯದ ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. 2016ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡಿನ ಎದುರು ರಾಹುಲ್ ಅವರು 199 ರನ್ನಿಗೆ ಔಟಾದರು. 1964ರಲ್ಲಿ ಅದೇ ನಗರ, ಅದೇ ಎದುರಾಳಿ, 192. ಇಬ್ಬರೂ ಆರಂಭದ ಆಟಗಾರರಾಗಿ ಇಳಿದವರು. ಇಬ್ಬರಿಗೂ ಆಗ ವಯಸ್ಸು ಇಪ್ಪತ್ತನಾಲ್ಕು. ಇಬ್ಬರೂ ದ್ವಿಶತಕದ ಹೊಸ್ತಿಲಲ್ಲಿ ಎಡವಿದವರು. ಒಂದೇ ಹೆದ್ದಾರಿಯ ಎರಡು ಊರುಗಳ ಈ ಇಬ್ಬರಿಗೆ 52 ವರ್ಷಗಳ ಅಂತರದಲ್ಲಿ ಹೀಗೆ ಘಟಿಸಿದುದು ಕಾಕತಾಳೀಯವೇ ಸರಿ. ಆದರೆ ಹೋಲಿಸಿ ನೋಡುವವನಿಗೆ ಇದಕ್ಕಿಂತ ಅನುಕೂಲವಾದ ದೃಷ್ಟಾಂತವು ಸಿಕ್ಕಲಾರದು.

199 ಎಂಬುದು 192ಕ್ಕಿಂತ ಏಳು ಹೆಚ್ಚು. ಲೆಕ್ಕದ ಮಾಸ್ತರರಾದರೆ ಇಲ್ಲಿಗೇ ತೀರ್ಪು ಕೊಟ್ಟು ಎದ್ದಾರು. ಆದರೆ ಅಲಂಕಾರಶಾಸ್ತ್ರವು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಉಪಮೆಗೆ ನಾಲ್ಕು ಅಂಗಗಳು: ಉಪಮೇಯ, ಉಪಮಾನ, ವಾಚಕ, ಮತ್ತು ಇಬ್ಬರಲ್ಲಿಯೂ ಇರುವ ಸಾಧಾರಣಧರ್ಮ. ಮುಖವನ್ನು ಚಂದ್ರನಿಗೆ ಹೋಲಿಸುವುದು ಆಹ್ಲಾದಕತ್ವದ ದೆಸೆಯಿಂದ. ಅದರ ದುಂಡನ್ನೂ ದೂರವನ್ನೂ ಅಳೆಯುವುದಕ್ಕಲ್ಲ. ಒಂದು ಇನ್ನೊಂದಕ್ಕಿಂತ ಮೇಲೆಂದು ಹೇಳುವ ವ್ಯತಿರೇಕಾಲಂಕಾರವಾದರೂ, ಮೊದಲು ಈ ಸಾಧಾರಣಧರ್ಮವನ್ನು ನೆಲೆಗೊಳಿಸಿಯೇ ಮುಂದಡಿಯಿಡಬೇಕು. ಅಡಿಪಾಯವಿಲ್ಲದೆ ಮಾಳಿಗೆಯ ಎತ್ತರವನ್ನು ಅಳೆಯುವುದುಂಟೆ?

ಹಾಗಾದರೆ 192ಕ್ಕೂ 199ಕ್ಕೂ ಸಮಾನವಾದುದು ಏನು? ಕುಂದರನ್ ಅವರು ಆರಂಭದ ಆಟಗಾರರಷ್ಟೇ ಅಲ್ಲ, ಆ ಪಂದ್ಯದ ಕೀಪರೂ ಆಗಿದ್ದರು. ರಾಹುಲ್ ಅವರ ಪಂದ್ಯದಲ್ಲಿ ಆ ಕೆಲಸ ಪಾರ್ಥಿವ್ ಪಟೇಲ್ ಅವರದು. 1964ರಲ್ಲಿ ತಲೆಗೆ ಶಿರಸ್ತ್ರಾಣವಿಲ್ಲ. ಅದು ಆಟಕ್ಕೆ ಬಂದುದು 1970ರ ದಶಕದ ಕೊನೆಯಲ್ಲಿ. ಇಷ್ಟನ್ನು ಕೇಳಿ ಅಜ್ಜನ ಪಕ್ಷವೇ ಗೆದ್ದಿತೆಂದು ಎಣಿಸಬಾರದು. ಕುಂದರನ್ ಅವರ ಒಂದು ತಪ್ಪನ್ನು ಮೈದಾನದಲ್ಲಿದ್ದವರು ಮಾತ್ರ ಕಂಡರು, ಒಮ್ಮೆ ಮಾತ್ರ ಕಂಡರು. ರಾಹುಲ್ ಅವರ ಒಂದು ತಪ್ಪನ್ನು ಜಗತ್ತೆಲ್ಲ ನೂರು ಸಲ ಕಾಣುತ್ತದೆ. ಎದುರಾಳಿಗಳು ಚಿತ್ರಗಳನ್ನು ನಿಲ್ಲಿಸಿ ನಿಲ್ಲಿಸಿ ಅವರ ಕಾಲು ಎಲ್ಲಿ ತಡವಾಗುತ್ತದೆಂದು ಶೋಧಿಸುತ್ತಾರೆ. ಒಂದು ವಾರ ಐದು ದಿನಗಳ ಆಟ, ಮುಂದಿನ ತಿಂಗಳು ಇಪ್ಪತ್ತು ಓವರುಗಳ ಆಟ. ಎರಡಕ್ಕೂ ಬೇರೆ ಬೇರೆ ಮನಸ್ಸು ಬೇಕು. ಕುಂದರನ್ ಅವರ ಕಡೆಯ ಟೆಸ್ಟು ಮುಗಿದಾಗ ಒಂದು ದಿನದ ಅಂತರರಾಷ್ಟ್ರೀಯ ಪಂದ್ಯವೆಂಬುದೇ ಹುಟ್ಟಿರಲಿಲ್ಲ. ಅದು ಹುಟ್ಟಿದುದು 1971ರಲ್ಲಿ. ಒಬ್ಬರಿಗೆ ಇಲ್ಲದ ಸೌಕರ್ಯವನ್ನು ಎಣಿಸುವಾಗ ಇನ್ನೊಬ್ಬರಿಗೆ ಇರುವ ಭಾರವನ್ನೂ ಎಣಿಸಬೇಕಾದುದು ಧರ್ಮ.

ಇಂತಹ ವ್ಯಾಜ್ಯವು ನಮ್ಮ ಊರಿಗೆ ಮಾತ್ರ ಮೀಸಲಲ್ಲ. ಅಮೆರಿಕದ ಲಾಸ್ ಏಂಜಲೀಸಿನಲ್ಲಿರುವ ನನ್ನ ಮಗಳು ಈ ಸುದ್ದಿಯನ್ನು ಕೇಳಿ ನಕ್ಕು, ಅಲ್ಲಿಯ ಕಥೆಯೊಂದನ್ನು ತಿಳಿಸಿದಳು. ಆ ನಗರದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬಾಸ್ಕೆಟ್‌ಬಾಲ್ ತಂಡವು ಜಾನ್ ವುಡನ್ ಎಂಬ ಗುರುವಿನ ಕೈಕೆಳಗೆ 1964ರಿಂದ 1975ರವರೆಗಿನ 12 ವರ್ಷಗಳಲ್ಲಿ 10 ಬಾರಿ ರಾಷ್ಟ್ರದ ಪ್ರಶಸ್ತಿಯನ್ನು ಗೆದ್ದಿತು. ಆ ತಂಡದ ಇಬ್ಬರು ಎತ್ತರದ ಆಟಗಾರರಾದ ಲೂ ಅಲ್ಸಿಂಡರ್ ಮತ್ತು ಬಿಲ್ ವಾಲ್ಟನ್ ಅವರಲ್ಲಿ ದೊಡ್ಡವರು ಯಾರೆಂಬ ಚರ್ಚೆಯು ಅಲ್ಲಿಯ ಹಳೆಯ ವಿದ್ಯಾರ್ಥಿಗಳಲ್ಲಿ ಇಂದಿಗೂ ಬತ್ತಿಲ್ಲವಂತೆ. ಮುಂದೆ ಕರೀಂ ಅಬ್ದುಲ್ ಜಬ್ಬಾರ್ ಎಂದು ಖ್ಯಾತರಾದ ಅಲ್ಸಿಂಡರ್ ಅವರು 1967, 1968, 1969 ಈ ಮೂರು ವರ್ಷವೂ ಪ್ರಶಸ್ತಿಯನ್ನು ಗೆಲ್ಲಿಸಿದರು. ವಾಲ್ಟನ್ ಅವರು ಗೆಲ್ಲಿಸಿದುದು 1972 ಮತ್ತು 1973ರಲ್ಲಿ. ಆದರೆ 1973ರ ಅಂತಿಮ ಪಂದ್ಯದಲ್ಲಿ ಅವರು ಎಸೆದ 22 ಎಸೆತಗಳಲ್ಲಿ 21 ಬುಟ್ಟಿಯೊಳಗೆ ಬಿದ್ದುವು. ಒಟ್ಟು 44 ಅಂಕ.

ಮೂರು ಎರಡಕ್ಕಿಂತ ದೊಡ್ಡದೆನ್ನೋಣವೇ, ನಲವತ್ತನಾಲ್ಕರ ಆ ಒಂದು ರಾತ್ರಿಯೇ ದೊಡ್ಡದೆನ್ನೋಣವೇ? ಅಲ್ಲಿಯೂ ತಕ್ಕಡಿ ನೆಟ್ಟಗೆ ನಿಲ್ಲುವುದಿಲ್ಲ. ಅಲ್ಸಿಂಡರ್ ಅವರ ಮೊದಲ ಪ್ರಶಸ್ತಿಯ ಬಳಿಕ, 1967ರಲ್ಲಿ, ಬುಟ್ಟಿಯ ಮೇಲೆ ಕೈಯಿಟ್ಟು ಚೆಂಡನ್ನು ಒಳಗೆ ತುರುಕುವುದನ್ನು ಕಾಲೇಜು ಪಂದ್ಯಗಳಲ್ಲಿ ನಿಷೇಧಿಸಿದರು. 1976ರವರೆಗೂ ಆ ನಿಷೇಧವಿತ್ತು. ದೂರದ ಎಸೆತಕ್ಕೆ ಮೂರು ಅಂಕಗಳೆಂಬ ನಿಯಮವು ಆ ದೇಶದ ಕಾಲೇಜುಗಳಿಗೆಲ್ಲ ಅನ್ವಯವಾದುದು 1986ರಲ್ಲಿ. ಆಟದ ಹೆಸರು ಒಂದೇ ಆದರೂ ನಿಯಮ ಬದಲಾದಂತೆ ಆಟವೂ ಬೇರೆಯಾಗುತ್ತದೆ. ಹಳೆಯ ಸೇರಿನಲ್ಲಿ ಅಳೆದ ಅಕ್ಕಿಯನ್ನೂ ಹೊಸ ಕಿಲೋವಿನಲ್ಲಿ ತೂಗಿದ ಅಕ್ಕಿಯನ್ನೂ ಪಕ್ಕದಲ್ಲಿಟ್ಟು ಅಂಕೆಯನ್ನು ಮಾತ್ರ ನೋಡಿದರೆ ವ್ಯಾಪಾರ ಕೆಡುವುದು.

ಇಷ್ಟನ್ನು ನಾನು ಹುಡುಗರಿಗೆ ಗಾಂಭೀರ್ಯದಿಂದ ವಿವರಿಸುತ್ತಿರುವಾಗಲೇ ನನ್ನ ಮನಸ್ಸಿನಲ್ಲಿ ಒಂದು ಹಳೆಯ ಮುಳ್ಳು ಅಲುಗಾಡಿತು. ಅದನ್ನು ಅವರಿಗೆ ಹೇಳಲಿಲ್ಲ, ವಾಚಕರಿಗೆ ಹೇಳುತ್ತೇನೆ.

ನಾನು ಕಲಿಸುತ್ತಿದ್ದ ಶಾಲೆಗೆ ಒಂದೇ ಮನೆಯ ಅಣ್ಣತಮ್ಮಂದಿರು ನಾಲ್ಕು ವರ್ಷಗಳ ಅಂತರದಲ್ಲಿ ಬಂದರು. ಅಣ್ಣನು ಸಂಸ್ಕೃತದಲ್ಲಿ ತರಗತಿಗೇ ಮೊದಲಿಗ; ಶಬ್ದರೂಪಗಳನ್ನು ನೀರು ಕುಡಿದಂತೆ ಒಪ್ಪಿಸುತ್ತಿದ್ದನು. ತಮ್ಮನು ಬಂದಾಗ ನಾನು ಅದನ್ನೇ ನಿರೀಕ್ಷಿಸಿದೆನು. ಅವನು ತಡವರಿಸಿದನು; ಕೆಲವು ದಿನ ಬೆಂಚಿನ ಮೇಲೆ ತೂಕಡಿಸಿದನು. ಒಂದು ದಿನ ಎಲ್ಲರೆದುರಿಗೆ ನಾನು, “ನಿನ್ನ ಅಣ್ಣ ಕುಳಿತ ಬೆಂಚಿಗೆ ನೀನು ಅವಮಾನ,” ಎಂದುಬಿಟ್ಟೆ. ಹುಡುಗನು ಮಾತನಾಡಲಿಲ್ಲ. ಮುಂದಿನ ವರ್ಷ ಸಂಸ್ಕೃತವನ್ನು ಬಿಟ್ಟು ಬೇರೆ ಭಾಷೆಯನ್ನು ತೆಗೆದುಕೊಂಡನು. ಬಹಳ ಕಾಲದ ಮೇಲೆ ನನಗೆ ತಿಳಿದುದೇನೆಂದರೆ, ಅಣ್ಣನು ಓದುವ ಕಾಲಕ್ಕೆ ತಂದೆಯು ಬದುಕಿದ್ದನು. ತಮ್ಮನು ನನ್ನ ತರಗತಿಗೆ ಬರುವಷ್ಟರಲ್ಲಿ ತಂದೆ ತೀರಿಕೊಂಡು, ಈ ಹುಡುಗನು ಬೆಳಗಿನ ಜಾವ ಮೂರು ಗಂಟೆಗೆದ್ದು ಬಂದರಿನ ದಕ್ಕೆಗೆ ಹೋಗಿ, ಮೀನಿನ ಬುಟ್ಟಿಗಳನ್ನು ಹೊತ್ತು, ಮಿಂದು ಶಾಲೆಗೆ ಬರುತ್ತಿದ್ದನು. ನಾನು ಇಬ್ಬರ ಅಂಕಗಳನ್ನು ಹೋಲಿಸಿದೆನಲ್ಲದೆ, ಯಾರು ಎಷ್ಟು ಗಂಟೆಗೆ ಎದ್ದರೆಂದು ಕೇಳಲಿಲ್ಲ.

ಕೆಲವು ವರ್ಷಗಳ ಹಿಂದೆ ಅವನು ಮನೆಯೊಕ್ಕಲಿಗೆ ನನ್ನನ್ನು ಕರೆಯಲು ಬಂದನು. ಚೆನ್ನಾಗಿದ್ದಾನೆ, ಸ್ವಂತ ದುಡಿಮೆಯಿಂದ ಮನೆ ಕಟ್ಟಿದ್ದಾನೆ. ಜೊತೆಯಲ್ಲಿದ್ದ ತನ್ನ ಇಬ್ಬರು ಮಕ್ಕಳಿಂದ ನನಗೆ ನಮಸ್ಕಾರ ಮಾಡಿಸಿದನು. ನಾನು ಹಳೆಯ ಅಭ್ಯಾಸದಿಂದ, “ಇಬ್ಬರಲ್ಲಿ ಚೆನ್ನಾಗಿ ಓದುವವರು ಯಾರು?” ಎಂದು ಕೇಳಿದೆ. ಅವನು ಮುಗುಳ್ನಕ್ಕು, “ಇಬ್ಬರೂ ಓದುತ್ತಾರೆ ಮಾಸ್ಟ್ರೇ,” ಎಂದನು. ಅಷ್ಟೇ. ನನ್ನ ಅಧ್ಯಾಪನದ ಅವಧಿಯಲ್ಲಿ ನಾನು ಕಲಿಸಿದ ಪಾಠಗಳು ಅನೇಕ. ಅವನು ಆ ದಿನ ನನಗೆ ಕಲಿಸಿದ ಪಾಠ ಒಂದೇ, ಆದರೆ ಅದು ಮರೆಯುವುದಿಲ್ಲ.

ಹೀಗೆಂದ ಮಾತ್ರಕ್ಕೆ ಹೋಲಿಕೆಯೇ ಬೇಡವೆಂದು ನಾನು ಹೇಳುವವನಲ್ಲ. ಹೋಲಿಸದೆ ಜ್ಞಾನವಿಲ್ಲ. ಕುಂದರನ್ ಅವರ ಪಕ್ಕದಲ್ಲಿ ನಿಲ್ಲಿಸಿದುದರಿಂದಲೇ ರಾಹುಲ್ ಅವರಲ್ಲಿ ನಾನು ಹಿಂದೆ ಕಾಣದಿದ್ದ ಒಂದು ಗುಣವು ನನಗೆ ಕಾಣಿಸಿತು. ಅದೇ ನಾನು ಹುಡುಕುತ್ತಿದ್ದ ಸಾಧಾರಣಧರ್ಮ: ಹೇಳಿದ ಕೆಲಸವನ್ನು ಮಾಡುವ ಸಿದ್ಧತೆ. ಕುಂದರನ್ ಅವರನ್ನು ಆರಂಭಕ್ಕೆ ಕಳುಹಿಸಿದರು, ಹೋದರು, ಕೀಪರಾಗೆಂದರು, ಆದರು, ಕಡೆಗೆ ಹೊಸ ಚೆಂಡನ್ನೇ ಕೈಗಿತ್ತರು, ಎಸೆದರು. ರಾಹುಲ್ ಅವರ ಕಥೆಯೂ ಬೇರೆಯಲ್ಲ. 2023ರ ಆರಂಭದಲ್ಲಿ ಟೆಸ್ಟ್ ತಂಡದಲ್ಲಿ ಆಡುವ ಸ್ಥಾನ ಹೋಯಿತು. ಮೇ ತಿಂಗಳಲ್ಲಿ ತೊಡೆಗೆ ಪೆಟ್ಟಾಗಿ ಶಸ್ತ್ರಚಿಕಿತ್ಸೆಯಾಯಿತು. ಸೆಪ್ಟೆಂಬರಿನಲ್ಲಿ ಮರಳಿದವರೇ ಕೊಲಂಬೋದಲ್ಲಿ ಪಾಕಿಸ್ತಾನದ ಎದುರು ಔಟಾಗದೆ 111. ಆ ವರ್ಷದ ವಿಶ್ವಕಪ್ಪಿನಲ್ಲಿ ಮಧ್ಯಮ ಕ್ರಮಾಂಕದಲ್ಲಿ ಆಡುತ್ತ, ಕೈಗವಸು ತೊಟ್ಟು ಕೀಪರಾಗಿಯೂ ದುಡಿದು 452 ರನ್ನು ಕೂಡಿಸಿದರು. ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕದ ಸೆಂಚೂರಿಯನ್ನಿನಲ್ಲಿ ಟೆಸ್ಟಿನಲ್ಲಿಯೂ ಕೀಪರಾಗಿ ನಿಂತು, ಉಳಿದವರು ಉದುರುತ್ತಿದ್ದಾಗ 101 ಮಾಡಿದರು. ಮೂಲ್ಕಿಯ ಕೀಪರಿನ ಕೆಲಸವನ್ನು ಸುರತ್ಕಲ್ಲಿನ ಹುಡುಗನು ಅರಿತೋ ಅರಿಯದೆಯೋ ಮುಂದುವರಿಸಿದನೆಂದು ನನಗೆ ಅನ್ನಿಸಿತು.

“ಹಾಗಾದರೆ ದೊಡ್ಡವರು ಯಾರು ಮಾಸ್ಟ್ರೇ?” ನಾಯಕನು ಬಿಡುವವನಲ್ಲ.

ನಾನು ಹೇಳಿದೆ: “ನೀನು ಕೇಳಿದ ಪ್ರಶ್ನೆಗಳು ಎರಡು ಮಗೂ, ಒಂದಲ್ಲ. ದೊಡ್ಡವರು ಯಾರೆಂಬುದು ಒಂದು. ಗೋಡೆಯ ಮೇಲೆ ಚಿತ್ರ ಯಾರದೆಂಬುದು ಇನ್ನೊಂದು. ಮೊದಲನೆಯದಕ್ಕೆ ನನ್ನಲ್ಲಿ ತಕ್ಕಡಿಯಿಲ್ಲ. ಎಷ್ಟು ದೇಶಗಳಲ್ಲಿ ಗೆದ್ದರೆಂದು ಕೇಳಿದರೆ ರಾಹುಲ್. ಎಷ್ಟು ಕಡಿಮೆ ಸಾಧನದಿಂದ ಆರಂಭಿಸಿದರೆಂದು ಕೇಳಿದರೆ ಕುಂದರನ್. ಎರಡನೆಯದಕ್ಕೆ ಮಾತ್ರ ಉತ್ತರವುಂಟು. ರಾಹುಲ್ ಅವರ ಮುಖವನ್ನು ನೀವು ದಿನವೂ ನಿಮ್ಮ ಕೈಯಲ್ಲಿರುವ ಫೋನಿನಲ್ಲಿ ಕಾಣುತ್ತೀರಿ. ಗೋಡೆಯಿಲ್ಲದಿದ್ದರೂ ಅವರನ್ನು ಯಾರೂ ಮರೆಯುವುದಿಲ್ಲ. ಕುಂದರನ್ ಯಾರೆಂದು ನೀವು ಕೇಳಿದಿರಿ. ಆ ಪ್ರಶ್ನೆಯನ್ನು ನಿಮ್ಮ ತಮ್ಮಂದಿರು ಕೇಳದಂತೆ ಮಾಡುವುದು ಗೋಡೆಯ ಕೆಲಸ. ಆದರೆ ಮೇಲೆ ‘ಸರ್ವಶ್ರೇಷ್ಠ’ ಎಂಬ ಮಾತು ಬೇಡ. ಹೆಸರು, ಊರು, ಇಸವಿ ಇಷ್ಟು ಸಾಕು.”

ಹುಡುಗನ ಮುಖವು ಸ್ವಲ್ಪ ಬಾಡಿತೆಂಬುದನ್ನು ಮುಚ್ಚಿಡಲಾರೆ. ಅವನು ಒಪ್ಪಿದುದು ನನ್ನ ವಾದಕ್ಕಿಂತ ಹೆಚ್ಚಾಗಿ ಅಜ್ಜನ ಮುಖವನ್ನು ನೋಡಿಯೇ ಇರಬಹುದು. ಆಗ ಅಜ್ಜನೇ, “ಆ ಹುಡುಗನ ಸೆಂಚೂರಿಯನ್ ಆಟ ನಿನ್ನ ಫೋನಿನಲ್ಲಿ ಸಿಗುತ್ತದೋ? ತೋರಿಸು ನೋಡುವ,” ಎಂದರು. ಕನ್ನಡಕವನ್ನು ಒರೆಸಿಕೊಂಡು, ಫೋನನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು, ಬಹಳ ಹೊತ್ತು ನೋಡಿದರು. ಕಡೆಗೆ, “ಇವನು ಚೆಂಡಿಗೆ ಕಾಯುತ್ತಾನೆ. ನಮ್ಮವನು ಕಾಯುತ್ತಿರಲಿಲ್ಲ ಎಂದು ರೇಡಿಯೋದವರು ಹೇಳುತ್ತಿದ್ದರು,” ಎಂದರು. ಸ್ವಲ್ಪ ತಡೆದು, “ಇವನೂ ನಮ್ಮವನೇ ಬಿಡು,” ಎಂದರು. ತಂಡದ ಅತ್ಯಂತ ಚಿಕ್ಕವನು, ಅವರ ಕೀಪರ್ ಅವನೇ, ಅಜ್ಜನ ಪಕ್ಕಕ್ಕೆ ಜರುಗಿ, ಕಡ ತಂದ ಕೈಗವಸು ಸಡಿಲವಾಗಿದ್ದರೆ ಚೆಂಡನ್ನು ಹಿಡಿಯುವುದು ಹೇಗೆಂದು ಕೇಳಿದನು. ಅಜ್ಜನಿಗೆ ಅದು ತಿಳಿದಿರಲಾರದು. ಆದರೂ ಎರಡು ಅಂಗೈಗಳನ್ನು ಜೋಡಿಸಿ ತೋರಿಸತೊಡಗಿದರು.

ವಾಚಕ ಮಹಾಶಯರೇ, ಈ ಜಗಲಿಯ ವ್ಯಾಜ್ಯದಿಂದ ನಿಮ್ಮ ಮನೆಗೆ ಒಯ್ಯುವುದಕ್ಕೇನಾದರೂ ಇದ್ದರೆ ಅದು ಇಷ್ಟು. ಇಬ್ಬರನ್ನು ತೂಗಬೇಕಾದಾಗ ಮೂರು ಪ್ರಶ್ನೆಗಳನ್ನು ಮೊದಲು ಕೇಳಿಕೊಳ್ಳಿರಿ: ಇಬ್ಬರಲ್ಲಿಯೂ ಸಮಾನವಾದುದು ಯಾವುದು? ಯಾರ ಕೈಗೆ ಏನು ಸಿಕ್ಕಿತ್ತು? ಈ ತೂಕದಿಂದ ಯಾರಿಗೆ ಪ್ರಯೋಜನ? ಆಟಗಾರರ ವಿಷಯದಲ್ಲಿ ಈ ಮೂರನ್ನು ಮರೆತರೆ ಒಂದು ಸಂಜೆಯ ಹರಟೆ ಕೆಡುವುದು. ಮಕ್ಕಳ ವಿಷಯದಲ್ಲಿ ಮರೆತರೆ ಏನು ಕೆಡುವುದೆಂಬುದನ್ನು ನಾನು ಮೇಲೆ ಹೇಳಿದ್ದೇನೆ.

ಚಿತ್ರಕಾರನು ಬರುವ ವಾರ ಬರುವನಂತೆ. ಇಸವಿಗಳನ್ನು ತಪ್ಪಿಲ್ಲದೆ ಬರೆಯಿಸುವ ಹೊಣೆಯನ್ನು ಹುಡುಗರು ನನಗೆ ಒಪ್ಪಿಸಿದ್ದಾರೆ.